ಎರಡನೇ ತೂಬು

ಗುತ್ತಲು ರಸ್ತೆಯ ಜಬಿಉಲ್ಲಾ
ಡ್ಯಾಶ್‌ಬೋರ್ಡಿಗೆ ಕೈ ಹಾಕಿ
ಹಲ್ಲು ಕೀಳುವವನ ಹಾಗೆ ಅಲ್ಲಾಡಿಸಿ ಅಲ್ಲಾಡಿಸಿ
ಹಳೇ ಕ್ಯಾಸೆಟ್ ಪ್ಲೇಯರ್ ಎಳೆದ.
ಎರಡು ಸಾವಿರದ ಮೂರರ ಝೆನ್ ಕಾರು,
ದನದ ಡಾಕ್ಟರು ಬೋರಲಿಂಗಯ್ಯನವರಿಂದ ಕೊಂಡದ್ದು.
ಬಾಗಿಲು ತೆಗೆದರೆ ಇನ್ನೂ
ಫಿನಾಯಿಲು, ಹಿಂಡಿ, ಒದ್ದೆ ಹಗ್ಗದ ವಾಸನೆ.
ನಾನು ಲ್ಯಾಬಿನವಳು. ಕೋಳಿ ಕೂಗುವ ಮುಂಚೆ
ಹಳ್ಳಿ ಹಳ್ಳಿ ಸುತ್ತಿ ರಕ್ತ ತರುವವಳು.
ದಾರಿ ತಪ್ಪುವುದರಲ್ಲಿ ಎತ್ತಿದ ಕೈ.

"ಹಳದಿ ಬ್ಯಾಟರಿಗೆ, ಕೆಂಪು ಕೀಲಿಗೆ,
ಕಪ್ಪು ಬಾಡಿಗೆ" ಅಂದ ವೈರು ಹಿಡಿದು.
"ಬಾಡಿಗೆ ಎಷ್ಟು?" ಅಂದೆ.
ಅವನು ನಗಲಿಲ್ಲ.

ಖಾಲಿ ಗೂಡಿನ ಒಳಗಿಂದ
ಬೆರಳಿಗೆ ಸಿಕ್ಕಿದ್ದು ಒಂದು ಸತ್ತ ಜಿರಳೆ,
ಒಂದು ಚೀಟಿ. ಡಾಕ್ಟರ ಕೈಬರಹ:
ಹೊಳಲು ದಾಟಿ ನಾಲೆ ಏರಿ.
ಎರಡನೇ ತೂಬು. ಎಡಕ್ಕೆ.
ನಿಂಗತಾಯಮ್ಮ. ಎಮ್ಮೆ ಒಂದು. ಒದೆಯುತ್ತೆ.
ಎಸೆಯಲು ಹೋಗಿ ಪರ್ಸಿಗೆ ಹಾಕಿಕೊಂಡೆ.

ಸೆಟ್ಟೂ ಸೆಕೆಂಡ್ ಹ್ಯಾಂಡು.
ಬೆಂಕಿಪೊಟ್ಟಣದಷ್ಟು ಆಂಟೆನಾ, ಗಾಜಿನ ಮೂಲೆಗೆ ಅಂಟಿಸಿ
ಹೊಂಗೆ ಮರದ ಕೆಳಗೆ ಅರ್ಧ ಗಂಟೆ ಕಾದೆವು.
ಉಪಗ್ರಹ ಹುಡುಕಿ ಹುಡುಕಿ ಅದಕ್ಕೇ ಸುಸ್ತು.
"ಆಕಾಶ ಕಾಣ್ಬೇಕು ಮೇಡಂ ಅದಕ್ಕೆ."
ಟೀ ಅಂಗಡಿಯ ಹುಡುಗರನ್ನು ಕರೆದು
ಕಾರನ್ನು ಬಿಸಿಲಿಗೆ ನೂಕಿಸಿದ.
ಒಂದು. ಮೂರು. ನಾಲ್ಕು.
ಹಗಲಿಗೆ ಕಾಣದ ನಾಲ್ಕು ಚುಕ್ಕಿ ಸೇರಿ
ಎರಡು ಕಂತು ಬಾಕಿಯಿರುವ ನನ್ನ ಕಾರನ್ನು
ಗುತ್ತಲು ರಸ್ತೆಯಲ್ಲಿ ಗುರುತು ಹಿಡಿದವು.

ಮಾರನೆಯ ಬೆಳಿಗ್ಗೆ ಲ್ಯಾಬಿನ ಸ್ಲಿಪ್ಪು:
ಎನ್. ತಾಯಮ್ಮ, ಎಪ್ಪತ್ತೊಂದು. ಖಾಲಿ ಹೊಟ್ಟೆಯ ಸಕ್ಕರೆ.
ಊಟ ಬಿಟ್ಟು ಕಾಯುವವರ ಮನೆಗೆ
ತಡವಾಗಿ ಹೋದರೆ ಬೈಗುಳ ಖಂಡಿತ.
ಸೆಟ್ಟಿನ ಹೆಂಗಸಿಗೆ ಕನ್ನಡ ಬರದು,
ಳಕಾರವಂತೂ ಬಾಯಿಗೇ ಬರದು.
"ಹೊಲಾಲು," ಅಂದಳು. ಹೋದೆ.
"ರೈಟ್," ಅಂದಳು. ತಿರುಗಿದೆ.
ಆಮೇಲೆ ನಾಲೆ ಏರಿಯ ಮೇಲೆ
ಅವಳ ನಕ್ಷೆಯಲ್ಲಿ ರಸ್ತೆ ಮುಗಿದುಹೋಗಿ
ನೀಲಿ ಬಾಣ ಮೆಲ್ಲಗೆ ಜಾರಿ
ನಾಲೆಯ ನೀರಿಗಿಳಿದು ಈಜತೊಡಗಿತು.
ಹಿಂದಕ್ಕೆ ತಿರುಗು, ಹಿಂದಕ್ಕೆ ತಿರುಗು ಎಂದು ಒಂದೇ ಜಪ.
ಹೇಗೆ ತಿರುಗಲಿ ತಾಯಿ?
ಎಡಕ್ಕೆ ನೀರು, ಬಲಕ್ಕೆ ಗದ್ದೆ,
ಮುಂದೆ ಕಬ್ಬಿನ ಟ್ರ್ಯಾಕ್ಟರು,
ಹಿಂದೆ ಹಾರನ್ ಹೊಡೆಯುವ ಇನ್ನೊಂದು ಕಬ್ಬಿನ ಟ್ರ್ಯಾಕ್ಟರು.

ಚೀಟಿ ನೆನಪಾಯಿತು.
ಮೊದಲ ತೂಬಿನ ಮೇಲೆ ಬಟ್ಟೆ ಒಗೆಯುತ್ತಿದ್ದರು.
ಎರಡನೆಯದರ ಬಳಿ ಪುಟ್ಟ ಸೇತುವೆ, ಎಡಕ್ಕೆ ಮಣ್ಣಿನ ದಾರಿ.
ಕಾರಿನ ಸದ್ದಿಗೇ ಕೋಲೂರಿ ಬಂದಿತ್ತು ಮುದುಕಿ,
ಬಾನೆಟ್ಟು ತಡವಿ, ಗಾಜಿನೊಳಗೆ ಇಣುಕಿ,
"ಡಾಕ್ಟ್ರೆ, ಈಗ್ಯಾಕ್ ಬಂದ್ರಿ?
ಎಮ್ಮೆ ಹೋಗಿ ಒಂಬತ್ ವರ್ಸ ಆಯ್ತಲ್ಲಾ."

ಡಾಕ್ಟರಲ್ಲ ಅಂದೆ. ಎಮ್ಮೆಗಲ್ಲ, ನಿಮಗೇ ಅಂದೆ.
"ನಂಗೇನಾಗದೆ?" ಎನ್ನುತ್ತಲೇ ತೋಳು ನೀಡಿತು.
ನರ ಹುಡುಕುವುದು ನನ್ನ ಕೆಲಸ. ಅದಕ್ಕೆ ಉಪಗ್ರಹವಿಲ್ಲ,
ಬೆರಳ ತುದಿಯಿಟ್ಟು ಒಂದು ಗಳಿಗೆ ಕಾಯಬೇಕು.
ಸಿಕ್ಕಿತು. ಕೊಳವೆ ತುಂಬುವಷ್ಟು ಹೊತ್ತೂ
ಎಮ್ಮೆಯ ಮಾತೇ: ಕರೆದರೆ ಐದು ಸೇರು,
ಡಾಕ್ಟರ ಮೊಣಕಾಲಿಗೆ ಒದ್ದದ್ದು,
ಡಾಕ್ಟರು ಅದಕ್ಕೇ ಕ್ಷಮೆ ಕೇಳಿದ್ದು.
ಆಮೇಲೆ ಪ್ಯಾಕೆಟ್ ಹಾಲಿನ ಕಾಫಿ ಕೊಟ್ಟು
ತನ್ನ ಲೋಟಕ್ಕೆ, ನನ್ನ ಕಣ್ಣು ತಪ್ಪಿಸಿ,
ಬೆಲ್ಲ ಹಾಕಿಕೊಂಡಿತು.

ಹೊರಡುವಾಗ ಸೆಟ್ಟು ಒತ್ತಿ
ಈ ಜಾಗ ಉಳಿಸು ಎಂದೆ. ಹೆಸರು ಕೇಳಿತು.
ಕೀಲಿಮಣೆ ಇಂಗ್ಲಿಷಿನದು, ಎಷ್ಟು ಒತ್ತಿದರೂ ಮೊಂಡು.
ಇ, ಎಂ, ಎಂ, ಇ.
ಅಷ್ಟೇ ಹಿಡಿಸಿದ್ದು.
ಒದೆಯುತ್ತೆ ಎಂದು ಬರೆಯಲು ಜಾಗ ಇರಲಿಲ್ಲ.