ಬೂಟು

ಕಾಕಿ ತೊಟ್ಟು ಮಗುವಿನ ಬಳಿ ಹೋಗಬಾರದು,
ಕಾಯ್ದೆ ಹೇಳುತ್ತದೆ.
ಇಳಕಲ್ಲ ಸೀರೆ ಉಟ್ಟು, ಠಾಣೆಯ ಕನ್ನಡಿಯಲ್ಲಿ
ಯಾರದೋ ಚಿಗವ್ವನಂತೆ ಕಂಡು
ಹೊರಟೆ, ಮಾನ್ವಿ ದಾಟಿ.
ಜೀಪು ಊರ ಹೊರಗೇ ನಿಂತಿತು.
ಊರ ಹೆಸರು ಹೇಳುವಂತಿಲ್ಲ. ಅವಳದೂ.

ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.
ಕೈ ಉರಿಯಂಗಿಲ್ಲೇನವ್ವಾ? ಅಂದೆ.
ತಲೆ ಎತ್ತಲಿಲ್ಲ.
ನನ್ನ ಸೀರೆಯಂಚಿನ ಕೆಳಗೆ ನೋಡಿ,
"ನೀವು ಪೊಲೀಸರು."

ಮರೆತಿದ್ದೆ. ಕಂದು ಬೂಟು,
ಬೆಳಿಗ್ಗೆ ತಾನೇ ಪಾಲಿಶ್ ಹಚ್ಚಿದ್ದು.
ಹೊಸ್ತಿಲ ಹೊರಗೆ ಬಿಚ್ಚಿಟ್ಟು ಕೂತೆ.
ಒಂದು ಬುಟ್ಟಿ ಮುಗಿಯುವ ತನಕ
ಇಬ್ಬರೂ ತೊಟ್ಟು ಮುರಿದೆವು.

ಆಮೇಲೆ ಹೇಳಿದಳು.
ಹೇಳಿದ್ದನ್ನು ಹೇಳಿದ ಹಾಗೇ ಬರೆದೆ,
ಅದೂ ಕಾಯ್ದೆಯಲ್ಲಿದೆ.
ಸೋದರಮಾವ ಎಂಬಲ್ಲಿ ಪೆನ್ನು ನಿಂತಿತು,
ಅವಳು ನಿಲ್ಲಲಿಲ್ಲ.

ಅವನನ್ನ ಒಳಗ ಹಾಕೀವಿ, ಅಂದೆ ಏಳುತ್ತಾ.
"ಆದ್ರೂ ಆ ಬೂಟು ಇಲ್ಲೇ ಬಾಗಲದಾಗ ಇರ್ಲೇನ್ರಿ?
ರಾತ್ರಿ ಬರೋರಿಗೆ ಕಾಣ್ಲಿ."

ಯಾವ ಕಲಮಿನಲ್ಲೂ ಇಲ್ಲ ಇದು.
ಸುಡುವ ಎರೆಮಣ್ಣಿನಲ್ಲಿ ಜೀಪಿನವರೆಗೆ
ಬರಿಗಾಲಲ್ಲಿ ನಡೆದೆ.
ಡ್ರೈವರ್ ಖಾಜಾಹುಸೇನ ಏನೂ ಕೇಳಲಿಲ್ಲ.
ಠಾಣೆಯಲ್ಲಿ ಕೇಳಿದರು.
ಕೈ ಇನ್ನೂ ಉರಿಯುತ್ತಿತ್ತು.