ತಂಗಳು ನಕ್ಷೆ

ಊಟ್ರೆಕ್ಟ್ ಆಸ್ಪತ್ರೆಯ ನೆಲಮಾಳಿಗೆ. ಏಳೂವರೆ.
ಹೊರಗೆ ಬೆಳಕಾಯಿತೋ ಇಲ್ಲವೋ, ನಮಗೆ ಹೇಳುವವರಿಲ್ಲ.
ಚೆಬ್ಬೆ ಜೇಬು ಬರಿದು ಮಾಡುತ್ತಾನೆ:
ಚಿಲ್ಲರೆ, ಚಾಕು, ರೈಲಿನ ಚೀಟಿ,
ಕೊನೆಗೆ, ಮನಸ್ಸಿಲ್ಲದೆ, ಅಪ್ಪನ ಹಿತ್ತಾಳೆಯ ದಿಕ್ಸೂಚಿ.
"ಒಳಗಿನ ಅಯಸ್ಕಾಂತದೆದುರು ಇದಕ್ಕೆ ತಲೆ ಕೆಡುತ್ತದೆ" ಎಂದಿದ್ದೆ ಮೊದಲ ದಿನ.
"ಕೆಡಲಿ ಬಿಡು, ನನಗೂ ಕೆಟ್ಟಿದೆ" ಎಂದು ನಕ್ಕಿದ್ದ.

ಎರಡು ಲೋಟ ನೀರು ಕುಡಿದು ಅಲುಗದೆ ಮಲಗುವುದು ಅವನ ಕೆಲಸ.
ನನ್ನದು ಗೆರೆ.

ತೆರೆಯ ಮೇಲೆ ಬೂದುಬಣ್ಣದಲ್ಲಿ ಮೂಡುತ್ತದೆ ಇವತ್ತಿನ ಒಡಲು.
ನಿನ್ನೆ ಸೊರಗಿದ್ದ ಮೂತ್ರಕೋಶ ಇಂದು ತುಂಬುಗಡಿಗೆ;
ಕರುಳಲ್ಲೊಂದು ಗಾಳಿಗುಳ್ಳೆ, ರಾತ್ರಿ ಉಂಡ ಬಟಾಣಿ ಸಾರಿನದು,
ಪ್ರಾಸ್ಟೇಟನ್ನು ಮೊಣಕೈಯಿಂದ ತಿವಿದು ಮುಂದಕ್ಕೆ ಸರಿಸಿದೆ
ಎಳ್ಳುಕಾಳಷ್ಟು, ಇನ್ನೂ ಒಂದೆಳ್ಳಷ್ಟು.
ನಿನ್ನೆಯ ಗೆರೆ ಹಾಗೇ ಉಳಿದಿದೆ, ಹಳದಿ,
ಜಾರಿದ ಟೋಪಿಯಂತೆ ಒಂದು ಪಕ್ಕಕ್ಕೆ.
ಅದನ್ನು ನಂಬಿ ಕಿರಣ ಬಿಟ್ಟರೆ ಸುಡುವುದು ಕರುಳಗೋಡೆ.
ತಂಗಳನ್ನಕ್ಕಾದರೆ ಒಗ್ಗರಣೆ ಹಾಕಬಹುದು.

ಅಳಿಸಿ ಬರೆಯುತ್ತೇನೆ. ಪಕ್ಕದಲ್ಲಿ ಮಾರಿಟ್ ಲೆಕ್ಕ ಕಟ್ಟುತ್ತಾಳೆ.
ಡಾಕ್ಟರು ಕಾಫಿ ಕೆಳಗಿಟ್ಟು ಒಮ್ಮೆ ನೋಡಿ, ಇನ್ನೊಮ್ಮೆ ನೋಡಿ, ತಲೆಯಾಡಿಸುತ್ತಾರೆ.
ಯಂತ್ರ ಟಕಟಕ ಬಡಿಯುತ್ತದೆ;
ಲಂಗರಿನ ಸರಪಳಿ ಇಳಿದಂತೆ, ಎನ್ನುತ್ತಾನೆ ಚೆಬ್ಬೆ.

ವಾಡನ್ ಕಡಲಿನಲ್ಲಿ ಹಡಗುಗಳಿಗೆ
ಕೆಂಪು, ಹಸಿರು ತೇಲುಗುರುತು ಕಟ್ಟುತ್ತಿದ್ದವನು.
ಅಲ್ಲಿ ಮರಳಿಗೆ ಮನೆಯಿಲ್ಲವಂತೆ. ಒಂದು ಬಿರುಗಾಳಿಗೆ
ನೀರಿನ ದಾರಿ ಮಗ್ಗುಲು ಬದಲಿಸುತ್ತದೆ,
ಇವರು ಹೋಗಿ ಆಳ ಅಳೆದು, ಗುರುತು ಕಿತ್ತು, ಬೇರೆಡೆ ಕಟ್ಟಬೇಕು.
"ಎರಡು ಚಳಿಗಾಲ ಒಂದೇ ಜಾಗದಲ್ಲಿ ಸಿಕ್ಕಿದ್ದು
ನನ್ನ ಹೆಂಡತಿ ಮಾತ್ರ."

ಹನ್ನೊಂದನೆಯ ಬೆಳಿಗ್ಗೆ ನನಗೆ ನಿದ್ದೆಗಣ್ಣು, ಮನೆಯಲ್ಲಿ ಮಗುವಿಗೆ ಜ್ವರ.
ನಿನ್ನೆಯ ಗೆರೆ ಹೆಚ್ಚುಕಮ್ಮಿ ಕೂತಿತ್ತು.
ಹೆಚ್ಚುಕಮ್ಮಿ.
ಬೆರಳು ಗುಂಡಿಯ ಹತ್ತಿರ ಹೋಗಿತ್ತು.
ಕ್ಯಾಮೆರಾದಲ್ಲಿ ಅವನ ಪಾದಗಳು ಮಾತ್ರ ಕಾಣುತ್ತಿದ್ದವು;
ಕಾಲುಚೀಲಕ್ಕೆ ಹೆಬ್ಬೆರಳ ಬಳಿ ಹೊಲಿಗೆ, ಬೇರೆ ಬಣ್ಣದ ದಾರ.
ಮತ್ತೆ ಮೊದಲಿಂದ ಎಳೆದೆ.
ಒಂದು ಅಂಚು ಎರಡು ಮಿಲಿಮೀಟರ್ ಸರಿಯಿತು.
ಯಾರಿಗೂ ಹೇಳಲಿಲ್ಲ.

ಕೊನೆಯ ದಿನ ಕೇಳಿದ: "ಇಪ್ಪತ್ತು ನಕ್ಷೆ. ಯಾವುದು ನಾನು?"
ಎಲ್ಲವೂ ಕಡತದಲ್ಲಿವೆ ಎಂದೆ, ಅದು ಉತ್ತರವಲ್ಲವೆಂದು ಗೊತ್ತಿದ್ದೂ.
ಬೀರುವಿನಿಂದ ದಿಕ್ಸೂಚಿ ತೆಗೆದು
ಅಂಗೈಯಲ್ಲಿ ಸಮ ಹಿಡಿದು ಕಾದ.
ಮುಳ್ಳು ಅತ್ತ ಹೋಯಿತು, ಇತ್ತ ಬಂತು,
ಇನ್ನೂ ನಿಂತಿರಲಿಲ್ಲ,
ರೈಲಿಗೆ ಹೊತ್ತಾಯಿತೆಂದು ಮುಚ್ಚಿ ಜೇಬಿಗಿಳಿಸಿದ.

ಹೊರಗಿನ ಬೆಂಚಿನಲ್ಲಿ ಯಾರೋ ಹೆಂಗಸು
ಎರಡನೆಯ ಲೋಟ ಕುಡಿಯುತ್ತಿದ್ದಾಳೆ.