ಹುಸಿನೊಣ

ಟ್ರೆಗರಾನ್ ರಸ್ತೆಯಲ್ಲಿ ಹಾಲಿನ ಲಾರಿಗೆ ಸಿಕ್ಕ
ಫೆಸೆಂಟ್ ಹುಂಜ. ಎಲುನೆಡ್ ಸೈಕಲ್ಲಿಳಿದು
ಬಾಲದ ಗರಿಗಳನ್ನಷ್ಟೇ ಕಿತ್ತುಕೊಂಡಳು.
ಮೈ ಇನ್ನೂ ಬಿಸಿಯಿತ್ತು.

ಅಡುಗೆಮೇಜಿನ ಇಕ್ಕಳದಲ್ಲೀಗ
ಜೀರಿಗೆಯಷ್ಟು ಕೊಕ್ಕೆ.
ನಾಲ್ಕೇ ಎಳೆ, ಸುಟ್ಟ ಬೆಲ್ಲದ ಬಣ್ಣ;
ಕೆಟ್ಟ ರೇಡಿಯೊ ಬಿಚ್ಚಿ ತೆಗೆದ ತಾಮ್ರದ ತಂತಿ.
ಸುತ್ತು, ಬಿಗಿ, ಉಸಿರು ಹಿಡಿ.
ಬೆನ್ನ ಮೇಲೊಂದು ಉಬ್ಬು:
ಬಿಚ್ಚದ ರೆಕ್ಕೆ ಅದರೊಳಗಿದೆಯೆಂದು
ಮೀನು ನಂಬಬೇಕು.

ಟೈವಿ ಹೊಳೆಯ ಮಡುವಿನಲ್ಲಿ
ಮುದಿ ಟ್ರೌಟೊಂದು ಹತ್ತಿರ ಬಂತು,
ನೋಡಿತು, ಬಾಲ ತಿರುವಿ
ಕಲ್ಲಿನಡಿ ಹೋಯಿತು.

ಪಕ್ಕದ ಮನೆಯವರ ಒಣ ಕೇಕನ್ನೂ
ಚೆನ್ನಾಗಿದೆ ಅನ್ನಲು ಬಾರದ ಎಲುನೆಡ್‌ಗೆ
ಯಾಕೋ ಸಮಾಧಾನ.

ತೋಳು ಹಿಂದಕ್ಕೆಳೆದು
ಇನ್ನೊಮ್ಮೆ ಎಸೆದಳು.